ಪ್ರಶ್ನೆಪ್ಪ ಅಂಗಡಿಯವನಾದ ಗಳಿಗೆ

ಬೀದಿಯವರೆಲ್ಲ ಅವನನ್ನು ಪ್ರಶ್ನೆಪ್ಪ ಎಂದೇ ಕರೆಯುತ್ತಿದ್ದರು. ಹಿಂದೆ ವಾರಪತ್ರಿಕೆಯೊಂದಕ್ಕೆ ಪದಬಂಧ ಕಟ್ಟಿಕೊಡುತ್ತಿದ್ದ. ಪತ್ರಿಕೆ ಕಣ್ಣುಮುಚ್ಚಿದ ಮೇಲೆ ಅವನ ಬುದ್ಧಿಯನ್ನು ಕೇಳುವವರು ಯಾರೂ ಇರಲಿಲ್ಲ, ಫ್ರಿಜ್ಜು ಮಿಕ್ಸಿ ಮಾರುವ ಅಂಗಡಿಯ ಸಾಹುಕಾರರೊಬ್ಬರನ್ನು ಬಿಟ್ಟರೆ. ಅವರಿಗೂ ಬೇಕಾಗಿದ್ದದ್ದು ಬುದ್ಧಿಯಲ್ಲ, ಗಿರಾಕಿಗಳಿಗೆ ವರ್ಷಕ್ಕೊಂದು ಬಹುಮಾನ ಇಡಲು ಸರ್ಕಾರದ ಪರವಾನಗಿ. ಸುಮ್ಮನೆ ಚೀಟಿ ಎತ್ತಿ ಬಹುಮಾನ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ಜೂಜು. ಪ್ರಶ್ನೆ ಕೇಳಿ ಜಾಣರಿಗೆ ಕೊಟ್ಟರೆ ಸ್ಪರ್ಧೆ. ಹಾಗಾಗಿ ವರ್ಷಕ್ಕೊಮ್ಮೆ ಪ್ರಶ್ನೆಪ್ಪನ ನೆನಪಾಗುತ್ತಿತ್ತು.

ಮೊದಲ ವರ್ಷ ಅವನು ತಲೆ ಖರ್ಚು ಮಾಡಿ ಎಂಥ ಪ್ರಶ್ನೆ ಕಟ್ಟಿದನೆಂದರೆ ಒಬ್ಬ ಗಿರಾಕಿಯೂ ಉತ್ತರ ಬರೆಯಲಿಲ್ಲ.

"ಅಲ್ಲಯ್ಯಾ, ಮಿಕ್ಸಿ ತಗೊಳ್ಳೋಕೆ ಬಂದೋರನ್ನ ಪರೀಕ್ಷೆಗೆ ಕೂರಿಸ್ತೀಯಾ?" ಸಾಹುಕಾರರು ರೇಗಿದರು. "ಪರವಾನಗಿ ಕೊಡೋ ಅಧಿಕಾರಿಗೆ ಕಷ್ಟ ಅನ್ನಿಸ್ಬೇಕು, ಗಿರಾಕಿಗೆ ಸುಲಭ ಆಗ್ಬೇಕು. ಅಂಥದ್ದು ಕಟ್ಟು."

ಆ ವಿದ್ಯೆಯೂ ಕೈಗೆ ಹತ್ತಿತು. ಈ ವರ್ಷದ ಪ್ರಶ್ನೆ: 'ದ್ರವರೂಪದಲ್ಲಿರುವ ನೀರು ಶೈತ್ಯದಿಂದ ಘನೀಭವಿಸಿದಾಗ ಅದನ್ನು ಏನೆನ್ನುತ್ತಾರೆ?' ಅಧಿಕಾರಿ ಗಂಭೀರವಾಗಿ ತಲೆದೂಗಿ ರುಜು ಹಾಕಿದರು. ಸರಿಯುತ್ತರ ಬರೆದವರಲ್ಲಿ 'ಬಟ್ಟೆ ಒಗೆಯುವ ಯಂತ್ರ ನನಗೇಕೆ ಬೇಕು' ಎಂದು ಒಳ್ಳೆಯ ಸಾಲು ಬರೆದವರಿಗೆ ಆ ಯಂತ್ರವೇ ಬಹುಮಾನ.

ಬಾಗಿಲ ಪಕ್ಕದ ನಿಯಮಗಳ ಹಲಗೆಯನ್ನು ಬರೆದವನೂ ಅವನೇ. ಏನೂ ಕೊಳ್ಳದವರಿಗೂ ಕೂಪನ್ ಕೊಡತಕ್ಕದ್ದು. ತೀರ್ಪು ಹೊರಗಿನವರದು. ಅಂಗಡಿಯ ಸಿಬ್ಬಂದಿ ಮತ್ತು ಅವರ ಮನೆಯವರು ಭಾಗವಹಿಸತಕ್ಕದ್ದಲ್ಲ.

ಆ 'ಸಿಬ್ಬಂದಿ' ಎಂಬುದರ ಮೇಲೆ ಅವನಿಗೆ ಪ್ರಾಣ. ನೀಲಿ ಅಂಗಿ, ಎದೆಯ ಮೇಲೆ ಬಿಲ್ಲೆ, ಒಳಕೋಣೆಯಲ್ಲಿ ಚೀಲ ನೇತುಹಾಕಲು ಒಂದು ಮೊಳೆ. ಪ್ರತಿ ವರ್ಷ ಕೇಳುತ್ತಿದ್ದ. ಪ್ರತಿ ವರ್ಷ ಸಾಹುಕಾರರು ನಗುತ್ತಿದ್ದರು. "ನೀನು ಹೊರಗಿನೋನಯ್ಯಾ, ಅತಿಥಿ ಇದ್ದ ಹಾಗೆ. ಅತಿಥೀನ ಯಾರಾದ್ರೂ ಕೆಲಸಕ್ಕಿಟ್ಕೋತಾರಾ?" ಟೀ ತಟ್ಟೆ ಮಾತ್ರ ಅತಿಥಿಯನ್ನು ದಾಟಿಕೊಂಡು ಹೋಗುತ್ತಿತ್ತು.

"ರೀ, ನಾನೂ ಬರೀಲಾ?" ಎಂದಳು ಹೆಂಡತಿ. ಅವಳ ಬಲ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಟ್ಟೆ ಹಿಂಡುವಾಗ ತುಟಿ ಕಚ್ಚುತ್ತಿದ್ದಳು.

"ಬರಿ. ನಾನೇನು ಅಂಗಡಿಯೋನಾ? ಉತ್ತರ ಮಾತ್ರ ಕೇಳ್ಬೇಡ."

"ಮಂಜುಗಡ್ಡೆ ಅಂತ ಮನೆ ಬೆಕ್ಕಿಗೂ ಗೊತ್ತು. ನಿಮ್ಮನ್ಯಾಕೆ ಕೇಳಲಿ?"

ಬಹುಮಾನದ ದಿನ, ಪರವಾನಗಿಯ ಅಧಿಕಾರಿಯ ಎದುರಿನಲ್ಲೇ, ತೀರ್ಪುಗಾರರಾಗಿ ಬಂದಿದ್ದ ಶಾಲೆಯ ದೊಡ್ಡ ಟೀಚರು ಗೆದ್ದ ಸಾಲನ್ನು ಓದಿದರು: "ಬಟ್ಟೆ ಹಿಂಡಿಕೊಡಿ ಎಂದರೆ ನನ್ನ ಗಂಡ ಪ್ರಶ್ನೆ ಕೇಳುತ್ತಾರೆ. ಯಂತ್ರ ಕೇಳುವುದಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಒಂದು ಬಲ್ಬನ್ನೂ ಕೊಳ್ಳದವಳಿಗೆ ಯಂತ್ರ ಹೋಗುವುದನ್ನು ಕಂಡು ಸಾಹುಕಾರರ ಮುಖ ಹುಳ್ಳಗಾಯಿತು. ಮರುಗಳಿಗೆಯೇ ಅರಳಿತು. ನೇರವಾಗಿ ಬಂದು ಪ್ರಶ್ನೆಪ್ಪನ ಹೆಗಲ ಮೇಲೆ ಕೈಹಾಕಿದರು.

"ಕ್ಷಮಿಸ್ಬೇಕು. ನಿಯಮ ಅಂದ್ರೆ ನಿಯಮ. ಈಕೆಯ ಯಜಮಾನರು ಇವರೇ, ನಮ್ಮ ಸಿಬ್ಬಂದಿ. ಎಷ್ಟೋ ವರ್ಷದಿಂದ ನಮ್ಮ ಮನುಷ್ಯ."

ಅಧಿಕಾರಿ ತಿರುಗಿದರು. "ಹೌದೇನ್ರೀ? ನೀವು ಇವರ ಸಿಬ್ಬಂದಿನಾ?"

ಅಲ್ಲ ಎಂದರೆ ಯಂತ್ರ ಮನೆಗೆ. ಹೌದು ಎಂದರೆ ನೀಲಿ ಅಂಗಿ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಹೆಗಲ ಮೇಲಿನ ಕೈ ಬೆಚ್ಚಗಿತ್ತು.

"ಹೌದು ಸಾರ್," ಎಂದ ಪ್ರಶ್ನೆಪ್ಪ. ಜನ್ಮದಲ್ಲಿ ಅಷ್ಟು ಸುಲಭದ ಉತ್ತರ ಕೊಟ್ಟಿರಲಿಲ್ಲ.

ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಅಂಗಡಿಗೆ ಹೋದ. ಅದನ್ನು ಒಗೆದವಳೂ ಅವಳೇ. ಸಾಹುಕಾರರು ತಲೆಯೆತ್ತಿ, "ಏನಯ್ಯಾ ಇಷ್ಟು ದೂರ?" ಎಂದರು.

"ಮೊನ್ನೆ ತಾವು ಸಿಬ್ಬಂದಿ ಅಂದ್ರಲ್ಲಾ..."

"ಅದು ಅಧಿಕಾರಿಗೆ ಹೇಳಿದ್ದು ಮಾರಾಯ! ಮುಂದಿನ ವರ್ಷ ಬಾ. ಒಳ್ಳೇ ಪ್ರಶ್ನೆ ತಗೊಂಡು ಬಾ."

ಮನೆಗೆ ಬಂದಾಗ ಹೆಂಡತಿ ಹಿತ್ತಿಲಲ್ಲಿ ಹೊದಿಕೆ ಹಿಂಡುತ್ತಿದ್ದಳು. ಅವನು ಏನೂ ಕೇಳದೆ ಅದರ ಇನ್ನೊಂದು ತುದಿಗೆ ಕೈಚಾಚಿದ.

"ಬಿಡ್ರೀ," ಎಂದಳು. "ಸಿಬ್ಬಂದಿಯವರು ಇದನ್ನೆಲ್ಲ ಮುಟ್ಟಬಾರದು."

ಹೊದಿಕೆಯ ಆ ತುದಿಯನ್ನು ನಲ್ಲಿಗೆ ಸುತ್ತಿ, ಎಡಗೈಯಿಂದ ತಿರುಚತೊಡಗಿದಳು.