ಉಸಿರಿನ ಮಿಷನ್ನಿಗೆ ಆಯುಧಪೂಜೆ

ಮುಂಬೈಯ ಅಂಚಿನ ಮುಲುಂಡಿನವರಿಗೆ ಕರೆಂಟು ಹೋಗುವುದಿಲ್ಲ ಎಂಬುದನ್ನು ನಾನು ವರ್ಷಗಟ್ಟಲೆ ನನಗೇ ಮಾಡಿದ ಅವಮಾನವೆಂದು ತಿಳಿದುಕೊಂಡಿದ್ದೆ. ದಾದರಿನ ಆಫೀಸು ಮುಗಿಸಿ ಲೋಕಲ್‌ನಲ್ಲಿ ಮನೆಗೆ ಮರಳುವಾಗ ಮುಲುಂಡಿನವರೆಗೆ ಕಿಟಕಿಯಾಚೆ ದೀಪಾವಳಿ. ಠಾಣೆ ದಾಟಿ ಕಳವಾ, ಮುಂಬ್ರಾ ಬರುತ್ತಿದ್ದ ಹಾಗೆ ಊರಿಗೆ ಊರೇ ಕರ್ರಗೆ. ರೈಲಿಗೆ ಅದರದ್ದೇ ಕರೆಂಟು ಇರುತ್ತದೆ, ಹಾಗಾಗಿ ಬೆಳಕಿನ ಡಬ್ಬಿಯಲ್ಲಿ ಕೂತು ಕತ್ತಲಿನ ಊರಿಗೆ ಹೋಗಿ ಇಳಿಯುವ ಭಾಗ್ಯ ನಮ್ಮದು. ನಾನಿಳಿಯುವ ಠಾಕುರ್ಲಿಯ ಪ್ಲಾಟ್‌ಫಾರ್ಮಿನಲ್ಲಿ ದೀಪ ಉರಿಯುತ್ತಿತ್ತು, ಮೆಟ್ಟಿಲಿಳಿದರೆ ರಸ್ತೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಆ ದಶಕದಲ್ಲಿ ಡೊಂಬಿವ್ಲಿ, ಕಲ್ಯಾಣದ ಕಡೆ ಇದ್ದವರಿಗೆ ಲೋಡ್‌ಶೆಡ್ಡಿಂಗ್ ಅಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ಸಲ, ಗಂಟೆಗಟ್ಟಲೆ. ನಾವು ಅದಕ್ಕೆ ಒಗ್ಗಿಕೊಂಡುಬಿಟ್ಟಿದ್ದೆವು. ಕರೆಂಟು ಹೋಗುವ ಹೊತ್ತಿಗೆ ಹತ್ತಿರ ಯಾರೂ ಲಿಫ್ಟ್ ಹತ್ತುತ್ತಿರಲಿಲ್ಲ. ಇಡ್ಲಿಗೆ ರುಬ್ಬುವುದು, ಬಟ್ಟೆಗೆ ಇಸ್ತ್ರಿ, ಸೊಸೈಟಿಯ ಪಂಪು, ಎಲ್ಲಕ್ಕೂ ಅದೇ ಪಂಚಾಂಗ. ನನ್ನನ್ನು ನೋಡಲು ಬಂದಿದ್ದ ಒಂದು ಗಂಡಿನ ಮನೆಯವರು ನನ್ನ ಅಡುಗೆಯ ಬಗ್ಗೆ ಕೇಳುವ ಮೊದಲು "ನಿಮ್ಮ ಏರಿಯಾದಲ್ಲಿ ಎಷ್ಟು ಹೊತ್ತು ಹೋಗ್ತದೆ?" ಎಂದು ಕೇಳಿದ್ದರು. "ನೀವು ಇಲ್ಲಿ ಬಂದು ಇರ್ತೀರಾ?" ಎಂದೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ನನ್ನ ನಾಲಗೆಗೆ ಎಲುಬಿಲ್ಲ ಎಂದು ಅಮ್ಮ ಅವತ್ತೂ ಹೇಳಿದಳು.

ಅಮ್ಮನದ್ದೂ ಅಪ್ಪನದ್ದೂ ಉಡುಪಿ ಕಡೆ. ಅಪ್ಪ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಹೋಟೆಲಿನ ಭಟ್ಟಿಯ ಮುಂದೆ ನಿಂತವರು. ಕಾವಲಿಯ ಹೊಗೆ, ಎಣ್ಣೆಯ ಹೊಗೆ, ಡೀಸೆಲ್ ಒಲೆಯ ಹೊಗೆ ಕುಡಿದು ಕುಡಿದು ಕೊನೆಗೆ ಅವರ ಶ್ವಾಸಕೋಶದಲ್ಲಿ ಉಳಿದದ್ದು ಅಷ್ಟಿಷ್ಟು. ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ದಿನದ ಬಹುಪಾಲು ಆಕ್ಸಿಜನ್ ಬೇಕೇ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮನೆಗೊಂದು ಮಿಷನ್ ಬಂತು. ಮಂಚದ ಪಕ್ಕದ ಕಪಾಟಿನಷ್ಟು ದೊಡ್ಡದು, ಸದಾ ಗುರ್ ಎನ್ನುವುದು. ಕೋಣೆಯ ಗಾಳಿಯನ್ನು ಎಳೆದುಕೊಂಡು ಆಕ್ಸಿಜನ್ ಸೋಸಿ ಕೊಳವೆಯಲ್ಲಿ ಮೂಗಿಗೆ ಕೊಡುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು ದೀಪ, ಆಕ್ಸಿಜನ್ ತೆಳುವಾದರೆ ಹಳದಿ ದೀಪ ಮತ್ತು ಪೀಂ ಪೀಂ. ಕರೆಂಟು ಹೋದಾಗ ಅದಕ್ಕೆಂದೇ ಒಂದು ಇನ್ವರ್ಟರ್. ಇನ್ವರ್ಟರೂ ಕೈಕೊಟ್ಟರೆ ಮೂಲೆಯಲ್ಲಿ ಒಂದು ಸಿಲಿಂಡರ್. ಹೀಗೆ ಒಂದಕ್ಕೊಂದು ಆತುಕೊಂಡು ನಮ್ಮ ನಾಲ್ಕನೇ ಮಹಡಿಯ ಸಂಸಾರ ನಡೆಯುತ್ತಿತ್ತು.

ಆ ವರ್ಷದ ಆಯುಧಪೂಜೆಗೆ ನಾನು ರಜೆ ಹಾಕಿದ್ದೆ. ಅಪ್ಪನ ಹೋಟೆಲಿನಲ್ಲಿ ಆ ದಿನ ಗ್ರೈಂಡರ್, ಕಾವಲಿ, ಚೂರಿ, ಸಟ್ಟುಗ ಎಲ್ಲವನ್ನೂ ತೊಳೆದು, ಗಂಧ ಕುಂಕುಮ ಹಚ್ಚಿ, ಹೂವಿಟ್ಟು ಸಾಲಾಗಿ ಕೂರಿಸುತ್ತಿದ್ದರು. ಅದೇ ಪದ್ಧತಿ ಮನೆಯಲ್ಲೂ ನಡೆದುಬಂದಿತ್ತು. ಅಮ್ಮ ತುರಿಮಣೆ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮುಗಿಸಿ ಅಪ್ಪನ ಮಿಷನ್ ಕಡೆ ತಿರುಗಿದಳು.

"ಕಾಯಿ ತುರಿಯುವುದಕ್ಕೆ ಪೂಜೆ ಉಂಟು. ನಿಮ್ಮ ಜೀವ ಹಿಡಿದು ಕೂತದ್ದಕ್ಕೆ ಬೇಡವಾ?" ಎಂದಳು.

ಅಪ್ಪ ನಕ್ಕರು. ಪೂಜೆ ಮುಗಿಯುವವರೆಗೆ ಅವರನ್ನು ಸಿಲಿಂಡರಿಗೆ ಹಾಕಿ, ನಾನು ಬೂದುಗುಂಬಳಕಾಯಿ ತರಲು ಮಾರ್ಕೆಟ್ಟಿಗೆ ಹೋದೆ. ಮರಳುವಾಗ ನಮ್ಮ ಗಲ್ಲಿಯ ಮೂಲೆಯಲ್ಲಿ ಬಾಂಬು ಸಿಡಿದಂಥ ಸದ್ದು. ಟ್ರಾನ್ಸ್‌ಫಾರ್ಮರ್ ಸುಟ್ಟು ಕಪ್ಪು ಹೊಗೆ ಏಳುತ್ತಿತ್ತು. ಲೋಡ್‌ಶೆಡ್ಡಿಂಗಿಗಾದರೆ ಹೋಗುವ ಹೊತ್ತು ಬರುವ ಹೊತ್ತು ಇರುತ್ತದೆ. ಇದಕ್ಕೆ ಅದೂ ಇಲ್ಲ. ಹಬ್ಬ ಮುಗಿಯದೆ ಹೊಸದು ಬರುವ ಹಾಗಿಲ್ಲ ಎಂದು ಕೆಳಗೆ ನಿಂತವರು ಮಾತಾಡಿಕೊಳ್ಳುತ್ತಿದ್ದರು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಅಷ್ಟರಲ್ಲಿ ಅಮ್ಮ ಮಿಷನ್ ಶುರು ಮಾಡಿ ಅಪ್ಪನಿಗೆ ಕೊಳವೆ ಸಿಕ್ಕಿಸಿದ್ದಳು. ಇನ್ವರ್ಟರಿನ ಮೇಲೆ ಗುರ್ ಎನ್ನುತ್ತಿತ್ತು. ಮೇಲೆ ಚೆಂಡುಹೂವಿನ ಮಾಲೆ, ಎದುರಿಗೆ ಕುಂಕುಮದ ಬೊಟ್ಟು, ಮದುಮಗನ ಹಾಗೆ ಕೂತಿತ್ತು. ನಾನು ಉಸಿರು ಬಿಡುವಷ್ಟರಲ್ಲಿ ಹಳದಿ ದೀಪ ಹತ್ತಿತು. ಪೀಂ ಪೀಂ.

ಬ್ಯಾಟರಿ ಹಳತಾಗಿತ್ತು. ಅದನ್ನೇ ಬೈದೆ. ಮಿಷನ್ ನಿಲ್ಲಿಸಿ, ಮತ್ತೆ ಹಚ್ಚಿ, ವಯರು ಬಿಗಿದು, ಇನ್ವರ್ಟರಿಗೆ ಎರಡು ತಟ್ಟಿ ನೋಡಿದೆ. ಅದೇ ಹಳದಿ. ಅಪ್ಪನ ಉಗುರು ನೀಲಿಗೆ ತಿರುಗುತ್ತಿತ್ತು. ಮತ್ತೆ ಸಿಲಿಂಡರಿಗೆ ಹಾಕಿದೆವು. ಸಿಲಿಂಡರಿನ ಮುಳ್ಳು ಆಗಲೇ ಅರ್ಧಕ್ಕಿಂತ ಕೆಳಗೆ. ಉಳಿಸಲೆಂದು ಧಾರೆ ಸಣ್ಣ ಮಾಡಿದರೆ ಅಪ್ಪನಿಗೆ ಸಾಲದು, ದೊಡ್ಡದು ಮಾಡಿದರೆ ಸಂಜೆಯವರೆಗೆ ಬರದು.

ಕಲ್ಯಾಣದಲ್ಲಿ ಸಿಲಿಂಡರ್ ಕೊಡುವವನಿಗೆ ಫೋನು ಹಚ್ಚಿದೆ. "ಆಜ್ ಖಂಡೇನವಮೀ ಆಹೇ ತಾಈ. ಮಶೀನಲಾ ಹಾತ್ ಲಾವತ್ ನಾಹೀ. ಪರ್ವಾ ಯಾ," ಎಂದ. ಆಯುಧಪೂಜೆಯಂತೆ, ಪೂಜೆ ಮಾಡಿದ ಮಿಷನ್ ಇವತ್ತು ಮುಟ್ಟುವುದಿಲ್ಲ, ನಾಡಿದ್ದು ಬಾ! ನಾಡಿದ್ದಿನವರೆಗೆ ಉಸಿರು ಹಿಡಿದುಕೊಂಡಿರಲು ನಮ್ಮಪ್ಪನೇನು ಯೋಗಿಯೇ ಎಂದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬೈದೆ. ಅವನು ಫೋನಿಟ್ಟ. ಠಾಣೆಯಲ್ಲಿ ಇನ್ನೊಬ್ಬ ಎತ್ತಲೇ ಇಲ್ಲ. ಇಡೀ ಜಿಲ್ಲೆಯ ಯಂತ್ರಗಳೆಲ್ಲ ಹೂ ಮುಡಿದು ಸುಮ್ಮನೆ ಕೂತಿದ್ದವು.

ಡಾಕ್ಟರು ಆಸ್ಪತ್ರೆಗೆ ಕರೆತನ್ನಿ ಎಂದರು. ಆದರೆ ಲಿಫ್ಟ್ ಸತ್ತಿದೆ. ನಾಲ್ಕು ಮಹಡಿ ಕುರ್ಚಿಯಲ್ಲಿ ಹೊತ್ತು ಇಳಿಸಬೇಕು, ಜೊತೆಗೆ ಸಿಲಿಂಡರೂ ಇಳಿಯಬೇಕು, ಅದರಲ್ಲಿ ಆಸ್ಪತ್ರೆ ತಲುಪುವಷ್ಟಾದರೂ ಗಾಳಿ ಉಳಿದಿರಬೇಕು. ಹೋದ ಸಲ ಆಸ್ಪತ್ರೆ ಸೇರಿದಾಗ ಅಪ್ಪ ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಅಮ್ಮ ಮಂಚದ ಅಂಚಿನಲ್ಲಿ ಕೂತು ಅಪ್ಪನ ಕೈ ಹಿಡಿದವಳು ಅಲುಗಲಿಲ್ಲ. ಅಪ್ಪ ಮಾತ್ರ ಏನೋ ಚಡಪಡಿಸುತ್ತಿದ್ದರು. "ನೀರು," ಎಂದರು ಅಮ್ಮನನ್ನು ನೋಡಿ.

"ಹೋಗಿ ತಾರೇ," ಎಂದಳು ಅಮ್ಮ ನನಗೆ.

ತಂದುಕೊಟ್ಟೆ. ಒಂದು ಗುಟುಕು ಕುಡಿದು ಇಟ್ಟರು. ಸ್ವಲ್ಪ ಹೊತ್ತಿಗೆ, "ಕಷಾಯ. ನೀನೇ ಮಾಡು," ಎಂದು ಅಮ್ಮನಿಗೆ.

"ನಾನು ನಿಮ್ಮನ್ನು ಬಿಟ್ಟು ಏಳುದಿಲ್ಲ ಮಾರಾಯ್ರೆ. ಅವಳು ಮಾಡ್ತಾಳೆ."

ಕಷಾಯವನ್ನೂ ಮಾಡಿ ತಂದೆ. ಅಪ್ಪ ಬಾಯಿಗೇ ಇಡಲಿಲ್ಲ. ನನಗೆ ರೇಗಿತು. ಒಂದು ಕಡೆ ಮುಳ್ಳು ಇಳಿಯುತ್ತಿದೆ, ಇನ್ನೊಂದು ಕಡೆ ಇವರಿಗೆ ಉಪಚಾರ. ಅವರ ಕಣ್ಣು ನನ್ನ ಮುಖಕ್ಕೂ ಅಮ್ಮನ ಮುಖಕ್ಕೂ ಓಡಾಡುತ್ತಿತ್ತು. ಆ ಕಣ್ಣಲ್ಲಿ ಭಯವಿತ್ತು. ಅಷ್ಟು ಭಯ ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ಸಾವು ಕಾಣಿಸಿರಬೇಕು ಎಂದುಕೊಂಡೆ. ಅಳಲು ಹೊತ್ತಿರಲಿಲ್ಲ.

ಎರಡನೇ ಮಹಡಿಯಲ್ಲಿ ಬೆಂಗಳೂರಿನವರೊಬ್ಬರಿದ್ದರು. ಸಾನಪಾಡಾದ ಒಂದು ಐಟಿ ಕಂಪನಿಯಲ್ಲಿ ಕೆಲಸ. ಅವರ ಬಾಗಿಲು ಬಡಿದು ಇನ್ವರ್ಟರಿನ ಬ್ಯಾಟರಿ ಕೇಳಿದೆ.

"ನಮ್ದು ಹೊಸ ಬ್ಯಾಟ್ರಿ ಮೇಡಂ, ಹೋದ್ ತಿಂಗ್ಳು ತಗೊಂಡಿದ್ದು. ಕೇಳ್ಬೇಕಾ? ನಡೀರಿ," ಎಂದು ತಾವೇ ಬಗ್ಗಿ ಎತ್ತಲು ಹೋದರು. ಒಬ್ಬರಿಂದ ಏಳುವ ಭಾರವಲ್ಲ. ಕೆಳಗಿನಿಂದ ಇನ್ನೊಬ್ಬರನ್ನು ಕೂಗಿದೆವು. ಇಬ್ಬರೂ ಗೋಣಿಯ ಮೇಲೆ ಅದನ್ನಿಟ್ಟು, ಮೆಟ್ಟಿಲಿಗೊಮ್ಮೆ ನಿಂತು, ಬೆವರು ಸುರಿಸಿಕೊಂಡು ಮೇಲೆ ತಂದರು. ನಾನು ಹಿಂದಿನಿಂದ ಟಾರ್ಚ್ ಹಿಡಿದು, ಯಾವ ದೇವರಿಗೆ ಏನೇನು ಹರಕೆ ಹೊರಬಹುದೋ ಎಲ್ಲ ಹೊತ್ತೆ.

ಹೊಸ ಬ್ಯಾಟರಿ ಜೋಡಿಸಿದರು. ಮಿಷನ್ ಗುರ್ ಎಂದಿತು. ನಾವೆಲ್ಲ ದೀಪವನ್ನೇ ನೋಡುತ್ತ ನಿಂತೆವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಳದಿ.

ಬ್ಯಾಟರಿ ಅಲ್ಲ ಎಂದರೆ ಮಿಷನ್ನೇ ಕೆಟ್ಟಿದೆ. ಅದನ್ನು ರಿಪೇರಿ ಮಾಡುವವನ ಫೋನು ಬೆಳಗಿನಿಂದ ಬಂದ್. ಹೊರಗೆ ಬೆಳಕು ಇಳಿಯುತ್ತಿತ್ತು, ಸಿಲಿಂಡರಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಬೆಂಗಳೂರಿನವರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಕಾಯೋದು ಬೇಡ ಮೇಡಂ. ನಾನು ಕುರ್ಚಿ, ಹಗ್ಗ ತರ್ತೀನಿ, ನಾಲ್ಕ್ ಜನ ಸೇರಿ ಇಳಿಸ್ಬಿಡೋಣ," ಎಂದರು. ಇಬ್ಬರೂ ಕೆಳಗೆ ಹೋದರು.

ಅಮ್ಮನಿಗೆ ಹೇಳಿದೆ. ಅವಳು ಅಪ್ಪನ ಬಟ್ಟೆಯ ಚೀಲ ತುಂಬಲೂ ಏಳಲಿಲ್ಲ. "ನೀನೇ ತುಂಬು," ಎಂದಳು. ಆಗ ಅಪ್ಪ ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು.

"ಹೋಗುವ ಮೊದಲು... ನಿನ್ನ ಕೈಯ... ಗಂಜಿ."

ಅಮ್ಮನ ಮುಖ ಒಡೆದುಹೋಯಿತು. ಅದು ಕೊನೆಯ ಊಟದ ಮಾತು ಎಂದು ಅವಳು ತಿಳಿದಳು, ನಾನೂ ಹಾಗೇ ತಿಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಮಧ್ಯಾಹ್ನದ ಅನ್ನ ಇತ್ತು. ಒಲೆ ಹತ್ತಿಸಿ ಪಾತ್ರೆ ಇಟ್ಟದ್ದು ಕೇಳಿಸಿತು.

ಆ ಸದ್ದು ಕೇಳಿದ್ದೇ ಅಪ್ಪ ಸಟ್ಟನೆ ನನ್ನತ್ತ ತಿರುಗಿ ಮಿಷನ್ನಿನ ಬೆನ್ನಿನ ಕಡೆ ಬೆರಳು ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದರು.

ಮಿಷನ್ನನ್ನು ತಿರುಗಿಸಿದೆ. ಹಿಂದೆ ಗಾಳಿ ಒಳಗೆ ಹೋಗುವ ಜಾಗ, ಅದಕ್ಕೊಂದು ಜಾಲರಿಯ ಮುಚ್ಚಳ, ಒಳಗೆ ಧೂಳು ಸೋಸುವ ಸ್ಪಂಜು. ಮುಚ್ಚಳ ತೆಗೆದೆ. ಸ್ಪಂಜಿನ ತುಂಬ ತೇದ ಗಂಧ, ದೋಸೆಗೆ ಚಟ್ನಿ ಸವರಿದ ಹಾಗೆ ದಪ್ಪಗೆ. ಅದನ್ನು ಎಳೆದರೆ ಅದರ ಹಿಂದೆ, ತೂತಿಗೆ ಅಂಟಿಕೊಂಡು, ಒದ್ದೆಯಾದ ಗೆಜ್ಜೆವಸ್ತ್ರ. ದೇವರಿಗೆ ಹಾಕುವ ಹತ್ತಿಯ ಹಾರ. ಅಮ್ಮ ಅದನ್ನು ಹೊರಗೆ ಹಾಕಿದರೆ ಜಾರುತ್ತದೆಂದು ಒಳಗೆ, ದೇವರ ಎದೆಗೆ ಹಾಕಿದ ಹಾಗೆ, ಭಕ್ತಿಯಿಂದ ಮಡಿಸಿ ಇಟ್ಟಿದ್ದಳು. ಮಿಷನ್ ಅದನ್ನು ಎಳೆದೆಳೆದು ತನ್ನ ಮೂಗಿಗೇ ತುರುಕಿಕೊಂಡಿತ್ತು. ಬೆಳಗಿನಿಂದ ಅಪ್ಪನಷ್ಟೇ ಅದೂ ಉಸಿರಿಗೆ ಒದ್ದಾಡಿತ್ತು.

ನೆತ್ತಿಗೆ ಬೆಂಕಿ ಹತ್ತಿದ ಹಾಗಾಯಿತು. ಸಿಲಿಂಡರಿನವನಿಗೆ ಬೈದೆ, ಬ್ಯಾಟರಿಗೆ ಬೈದೆ, ಸರಕಾರಕ್ಕೆ ಬೈದೆ, ಎರಡಾಳಿನ ಭಾರ ಎರಡು ಮಹಡಿ ಹೊರಿಸಿದೆ, ಎಲ್ಲ ಇದಕ್ಕಾ! "ಅಮ್ಮಾ" ಎಂದು ಕೂಗಲು ಬಾಯಿ ತೆರೆದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ಆ ಬೆರಳುಗಳಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ.

"ಅವಳಿಗೆ ಹೇಳಬೇಡ."

"ನಿಮಗೆ ಗೊತ್ತಿತ್ತಾ?" ಎಂದೆ, ಪಿಸುದನಿಯಲ್ಲಿ. ಅವರು ತಲೆಯಾಡಿಸಿದರು. ಅಮ್ಮ ಇಡುವಾಗಲೇ ನೋಡಿದ್ದರು. ಹಳದಿ ದೀಪ ಹತ್ತಿದಾಗಲೇ ಊಹಿಸಿದ್ದರು. "ಮತ್ತೆ ಹೇಳಲಿಕ್ಕೆ ಎಂತ ಧಾಡಿ? ಸಾಯುತ್ತಿದ್ದಿರಲ್ಲ ಅಪ್ಪ!"

"ನೀನು ಕೂಗ್ತಿ," ಎಂದರು. ಉಸಿರು ಎಳೆದುಕೊಂಡರು. "ಅವಳು... ಜನ್ಮಪೂರ್ತಿ..."

ಅಷ್ಟಕ್ಕೇ ನಿಲ್ಲಿಸಿದರು. ಬೆಳಗಿನಿಂದ ಅವರ ಕಣ್ಣಲ್ಲಿ ನಾನು ಕಂಡಿದ್ದು ಸಾವಿನ ಭಯವಲ್ಲ. ನನ್ನ ಬಾಯಿಯ ಭಯ.

ತೂತನ್ನು ಬಟ್ಟೆಯಿಂದ ಒರೆಸಿದೆ, ಸ್ಪಂಜಿಲ್ಲದೆ ಹಾಗೇ ಮುಚ್ಚಳ ಹಾಕಿ, ಮಿಷನ್ ಹಚ್ಚಿ, ಕೊಳವೆಯನ್ನು ಅಪ್ಪನ ಮೂಗಿಗೆ ಸಿಕ್ಕಿಸಿದೆ. ಹಳದಿ ಇತ್ತು. ಇನ್ನೂ ಹಳದಿ. ಅಡುಗೆಮನೆಯಲ್ಲಿ ಅಮ್ಮ ಸೌಟು ತಿರುಗಿಸುತ್ತ ಮೂಗು ಸೇದುವುದು ಕೇಳುತ್ತಿತ್ತು. ಆಮೇಲೆ ಯಾವಾಗಲೋ ಪೀಂ ಪೀಂ ನಿಂತು, ದೀಪ ಹಸಿರಾಯಿತು. ಅಪ್ಪನ ಎದೆ ಒಂದು ಸಲ ದೊಡ್ಡದಾಗಿ ಏರಿ ಇಳಿಯಿತು. ಬಾಗಿಲಾಚೆ ಹೋಗಿ, ಕುರ್ಚಿ ಬೇಡವೆಂದು ಮೆಟ್ಟಿಲಿನ ಕಡೆ ಕೂಗಿ ಬಂದೆ.

ಅಮ್ಮ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಹಸಿರು ದೀಪ ನೋಡಿದಳು, ಅಪ್ಪನನ್ನು ನೋಡಿದಳು.

"ಸರಿ ಆಯ್ತಾ? ಎಂತ ಆಗಿತ್ತೇ?"

ಗೆಜ್ಜೆವಸ್ತ್ರ ನನ್ನ ಮುಷ್ಟಿಯಲ್ಲಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ವಯರ್ ಲೂಸಾಗಿತ್ತು ಅಮ್ಮ," ಎಂದೆ.

"ನಾನು ಹೇಳಲಿಲ್ವಾ? ಪೂಜೆ ಮಾಡಿದ್ದು ಕೈಬಿಡುದಿಲ್ಲ," ಎಂದು ಅಮ್ಮ ಬಟ್ಟಲು ಕೆಳಗಿಟ್ಟು, ಮಿಷನ್ನಿಗೆ ಎರಡೂ ಕೈಯಿಂದ ನಮಸ್ಕಾರ ಮಾಡಿದಳು. ನಾನು ಮುಷ್ಟಿಯನ್ನು ಬೆನ್ನಿನ ಹಿಂದೆ ಸರಿಸಿದೆ. ಅವಳು ಮಂಚದ ಅಂಚಿನಲ್ಲಿ ಕೂತು ಚಮಚದಿಂದ ಗಂಜಿ ತಿನ್ನಿಸಿದಳು. ಗಂಜಿ ಕಂಡರಾಗದ ಅಪ್ಪ ಒಂದಗುಳೂ ಬಿಡದೆ ತಿಂದರು.