ಉಬಿಯ ಸಂಜೆ ಕ್ಲಾಸಿನ ಮೇಡಂ

ಕಳೆದ ವಾರ ನಮ್ಮ ಸರ್ವೀಸ್ ರೂಮಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆಸುಗೆ ಹಾಕುತ್ತಿದ್ದಳು. ಸಣ್ಣಗೆ ಹೊಗೆ ಎದ್ದು, ರಾಳ ಸುಟ್ಟ ವಾಸನೆ ನನ್ನ ಮೇಜಿನವರೆಗೂ ಬಂತು. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ನಮಗೂ ಅದು ಈಗ ಅಪರೂಪದ ವಾಸನೆ. ಕೆಟ್ಟರೆ ಬೋರ್ಡನ್ನೇ ಕಿತ್ತು ಹೊಸದು ಹಾಕುತ್ತೇವೆ. ಅದಕ್ಕೇ ಇರಬೇಕು, ಆ ಹೊಗೆ ನನ್ನನ್ನು ನೇರ ಸಿಂಗಪುರದ ಉಬಿ ಬಡಾವಣೆಗೆ ಕರೆದೊಯ್ದಿತು... ವರ್ಕ್‌ಶಾಪುಗಳ ಮಧ್ಯದ ಹಳೆಯ ಕಟ್ಟಡ, ಸಂಜೆಯ ಕ್ಲಾಸು, ನಮ್ಮ ಮೇಡಂ.

ಅವರು ಹಾಸನದ ಕಡೆಯವರು. ಇಂಜಿನಿಯರ್ ಆಗಿ ಸಿಂಗಪುರಕ್ಕೆ ಬಂದು, ಜುರಾಂಗಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದವರು. ಕಾರ್ಖಾನೆ ಬೇರೆ ದೇಶಕ್ಕೆ ಶಿಫ್ಟ್ ಆದಾಗ, ದೊಡ್ಡವರಿಗೆ ಕೆಲಸ ಕಲಿಸುವ ಸರ್ಕಾರಿ ನೆರವಿನ ಕಾಲೇಜೊಂದಕ್ಕೆ ಪಾಠ ಹೇಳಲು ಸೇರಿದ್ದರು. ನಾನು ಅವರನ್ನು ಮೊದಲು ಕಂಡದ್ದು ಸೆರಂಗೂನಿನಲ್ಲಿ, ಗೆಳತಿಯ ಮನೆಯ ಗೌರಿ ಹಬ್ಬದ ದಿನ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಗಂಡನ ಬ್ಯಾಂಕ್ ಕೆಲಸದ ಬೆನ್ನಿಗೆ ಬಂದವಳು ನಾನು. ಇಲ್ಲೇ ಕಾಯಂ ನೆಲೆಸಲು ಪಿ.ಆರ್. ಸಿಕ್ಕ ಮೇಲೂ ಯಾರೂ ಇಂಟರ್‌ವ್ಯೂಗೆ ಕರೆದಿರಲಿಲ್ಲ. ಅವತ್ತು ಬಂದಿದ್ದ ಹೆಂಗಸರೆಲ್ಲ ಮಕ್ಕಳಿಗೆ ಟ್ಯೂಷನ್ ಹೇಳಿಕೊಡು ಅಂದರು. ಅವರೊಬ್ಬರೇ, ಸ್ಕ್ರೂಡ್ರೈವರ್ ಹಿಡಿಯೋಕೆ ಬೇಜಾರಿಲ್ಲ ತಾನೇ ಎಂದು ಕೇಳಿದ್ದು. ಇಲ್ಲ ಆಂಟಿ ಎಂದೆ. ಮುಂದಿನ ಟರ್ಮಿನಿಂದ ಅವರು ನನಗೆ ಆಂಟಿಯಲ್ಲ, ಮೇಡಂ ಆದರು.

ಎಲೆಕ್ಟ್ರಾನಿಕ್ ಸಾಮಾನುಗಳ ರಿಪೇರಿ ಕೋರ್ಸು ಅದು. ಕ್ಲಾಸಿನಲ್ಲಿ ನಾನೇ ಚಿಕ್ಕವಳು. ಪಕ್ಕದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಚೀನೀ ಅಂಕಲ್, ಮುಂದಿನ ಬೆಂಚಿನಲ್ಲಿ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ತಟ್ಟೆ ಎತ್ತುತ್ತಿದ್ದ ಮಲಯ್ ಆಂಟಿ. ಹಗಲೆಲ್ಲ ದುಡಿದು ಬಂದ ಆ ಜನರ ಮುಂದೆ ಮೇಡಂ ಯಾವತ್ತೂ ಬೇಸರದ ಮುಖ ಹಾಕಿಕೊಂಡು ನಿಂತವರಲ್ಲ. ಚೆನ್ನಾಗಿದ್ದ ರೇಡಿಯೋವನ್ನು ತಾವೇ ಕೆಡಿಸಿ ತಂದು ನಮ್ಮ ಮುಂದಿಟ್ಟು, ತಪ್ಪು ಹುಡುಕಿ ಎನ್ನುತ್ತಿದ್ದರು. ನಾನು ಗಾಬರಿಯಿಂದ ಎಲ್ಲೆಲ್ಲೋ ತಡಕಾಡಿದರೆ, ಪಕ್ಕಕ್ಕೆ ಬಂದು ಮೆಲ್ಲಗೆ ಕನ್ನಡದಲ್ಲಿ ಹೇಳುವರು: “ಎಲ್ಲಿ ಕೆಟ್ಟಿದೆ ಅಂತ ಆಮೇಲೆ ನೋಡು. ಎಲ್ಲಿವರೆಗೂ ಸರಿಯಾಗಿದೆ, ಮೊದಲು ಅದನ್ನ ಚೆಕ್ ಮಾಡು.”

ಕೋರ್ಸಿನ ಮೊದಲರ್ಧ ಮುಗಿಯುವ ಹೊತ್ತಿಗೆ ಆ ವರ್ಷದ ಬಜೆಟ್ ಬಂತು. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಎಲ್ಲೆಲ್ಲೂ ಕೌಶಲದ ಮಾತೇ, ಟಿವಿಯಲ್ಲಿ ಅದೇ, ಎಂಆರ್‌ಟಿ ರೈಲು ಸ್ಟೇಷನ್ನಿನ ಪೋಸ್ಟರುಗಳಲ್ಲೂ ಅದೇ. ನಮಗೂ ಖುಷಿಯೇ. ಆದರೆ ಕೆಲವೇ ವಾರಗಳಲ್ಲಿ ಕಾಲೇಜಿನ ಮುಖ್ಯಸ್ಥರು ಕ್ಲಾಸಿಗೆ ಬಂದು ಕಷ್ಟಪಟ್ಟುಕೊಂಡು ವಿಷಯ ಹೇಳಿದರು. ಇನ್ನು ಮುಂದೆ ಸಬ್ಸಿಡಿ ಸಿಗುವುದು ಉದ್ಯಮದವರು ಬೇಕೆಂದು ಕೇಳುವ ಕೋರ್ಸುಗಳಿಗೆ ಮಾತ್ರ. ರಿಪೇರಿ ಕಲಿತವರು ಬೇಕೆಂದು ಯಾರೂ ಕೇಳಿಲ್ಲ. ಆದ್ದರಿಂದ ಉಳಿದರ್ಧ ನಡೆಯುವುದಿಲ್ಲ. ಅರ್ಧ ಕಲಿತದ್ದಕ್ಕೆ ಸರ್ಟಿಫಿಕೇಟ್ ಇಲ್ಲ. ಟ್ಯಾಕ್ಸಿ ಅಂಕಲ್ ತಮ್ಮ ಟೂಲ್‌ಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ಅವರಿಗೆ ಬೆನ್ನುನೋವು; ಇನ್ನೆಷ್ಟು ದಿನ ಗಾಡಿ ಓಡಿಸಬಲ್ಲರೋ ಅವರಿಗೇ ಗೊತ್ತಿರಲಿಲ್ಲ.

ನಾನು ಸರ್ಕಾರವನ್ನು ಬೈದೆ. ಮೇಡಂ ಬೈಯಲಿಲ್ಲ. “ಅವರ ಉದ್ದೇಶ ತಪ್ಪಲ್ಲಮ್ಮ. ಮೇಲಿಂದ ನೋಡಿದ್ರೆ ಕೋರ್ಸ್ ಕಾಣತ್ತೆ, ಅದರಲ್ಲಿ ಕೂತಿರೋರು ಕಾಣಲ್ಲ. ಉದ್ಯಮದವರು ಕೇಳ್ಬೇಕು ಅಂದ್ರಲ್ಲ, ಕೇಳ್ಸೋಣ ಬಿಡು.”

ಮರುದಿನದಿಂದ ಮಧ್ಯಾಹ್ನದ ಬಿಸಿಲಲ್ಲಿ ಅವರು ಉಬಿಯ ವರ್ಕ್‌ಶಾಪುಗಳನ್ನು ಸುತ್ತತೊಡಗಿದರು. ನನ್ನ ಮಗಳು ಸ್ಕೂಲಿನಲ್ಲಿರುತ್ತಿದ್ದ ಹೊತ್ತಾದ್ದರಿಂದ ನಾನೂ ಜೊತೆಗೆ ಹೋಗುತ್ತಿದ್ದೆ. ಮೇಡಂ ಉಡುತ್ತಿದ್ದುದು ಹತ್ತಿಯ ಸೀರೆ, ಕಾಲಿಗೆ ಶೂಸು, ಕೈಯಲ್ಲಿ ಕೊಡೆ. ಹೆಚ್ಚಿನವರು ನಮ್ಮನ್ನು ಇನ್ಶೂರೆನ್ಸ್ ಮಾರುವವರು ಅಂದುಕೊಂಡು ಬಾಗಿಲಲ್ಲೇ ಕಳಿಸಿದರು. ವೈದ್ಯಕೀಯ ಉಪಕರಣಗಳ ಸರ್ವೀಸ್ ಮಾಡುತ್ತಿದ್ದ ಒಬ್ಬ ಮಾಲೀಕರು, ಈಗ ಎಲ್ಲ ಎಸೆದು ಹೊಸದು ತರೋ ಕಾಲ, ರಿಪೇರಿ ಯಾರಿಗೆ ಬೇಕು ಲಾ ಎಂದು ಇಲ್ಲಿನವರ ರಾಗದಲ್ಲಿ ಹೇಳಿ ನಕ್ಕರು. ಮೇಡಂ ಆ ಮಾಲೀಕರ ಹಿಂದೆ ರಾಶಿ ಬಿದ್ದಿದ್ದ ಯಂತ್ರಗಳ ಕಡೆ ನೋಡಿ, ಹಾಗಾದರೆ ಇವನ್ನು ಯಾಕೆ ಎಸೆದಿಲ್ಲ ಎಂದು ಕೇಳಿದರು. ಅವರ ನಗು ನಿಂತಿತು. ಎಸೆಯಲು ಮನಸ್ಸಿಲ್ಲ, ಮಾಡುವ ಜನ ಸಿಗುವುದಿಲ್ಲ ಎಂದು ಒಪ್ಪಿಕೊಂಡರು. ಒಂದನ್ನು ಎತ್ತಿಕೊಂಡು ನಮ್ಮ ಕ್ಲಾಸಿಗೆ ಬನ್ನಿ, ಕೂತು ನೋಡಿ ಎಂದರು ಮೇಡಂ.

ಅವರು ಬಂದರು, ಇನ್ನಿಬ್ಬರು ಮಾಲೀಕರನ್ನೂ ಕರೆತಂದರು. ಸಲೈನ್ ಹನಿ ಎಣಿಸಿ ಬಿಡುವ ಪಂಪೊಂದನ್ನು ಟ್ಯಾಕ್ಸಿ ಅಂಕಲ್ ಮುಂದೆ ಇಟ್ಟರು. ಮೇಡಂ ದೂರದ ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ಅಂಕಲ್ ಅಲ್ಲಿಂದಿಲ್ಲಿಗೆ ಒಂದೊಂದೇ ಜಾಗ ಮುಟ್ಟಿ ನೋಡುತ್ತಾ ಹೋದರು... ಕೊನೆಗೆ ಪಂಪಿನ ಹಸಿರು ದೀಪ ಹತ್ತಿತು. ಮಾಲೀಕರು ಅಂಕಲ್ ಹೆಗಲು ತಟ್ಟಿ, ಮುಖ್ಯಸ್ಥರ ಕೋಣೆ ಎಲ್ಲಿದೆ ಎಂದು ಕೇಳಿದರು.

ಆ ಮೂವರು ಮಾಲೀಕರು ಬೇಕೆಂದು ಕೇಳಿದ್ದರಿಂದ ಉಳಿದರ್ಧ ಮಂಜೂರಾಯಿತು. ಆದರೆ ಆ ಟರ್ಮಿನ ಮೊದಲ ದಿನ ಕ್ಲಾಸಿಗೆ ಬಂದವರು ಬೇರೆ ಮೇಷ್ಟ್ರು. ಹೊಸ ನಿಯಮದಲ್ಲಿ ಪಾಠ ಹೇಳುವವರಿಗೂ ಹೊಸ ತರಬೇತಿ ಪ್ರಮಾಣಪತ್ರ ಇರಬೇಕಿತ್ತು, ಮೇಡಂಗೆ ಅದಿರಲಿಲ್ಲ. ನಾನು ಜುರಾಂಗ್ ವೆಸ್ಟಿನ ಅವರ ಮನೆಗೆ ಓಡಿದೆ. ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಕಾಫಿ ಸೋಸುತ್ತಿದ್ದವರು ತಲೆ ಎತ್ತಲಿಲ್ಲ.

“ಗೊತ್ತಿತ್ತು. ಹೇಳಿದ್ರೆ ನೀವೆಲ್ಲ ನನ್ನ ಪರ ಜಗಳಕ್ಕೆ ನಿಂತುಬಿಡ್ತಿದ್ರಿ. ಆಗ ಕ್ಲಾಸೂ ಹೋಗಿಬಿಡ್ತಿತ್ತು.”

ಆಮೇಲೆ ಅವರೂ ಆ ಪ್ರಮಾಣಪತ್ರಕ್ಕೆ ಓದಿದರು, ತಮ್ಮ ಮಕ್ಕಳ ವಯಸ್ಸಿನವರ ಜೊತೆ ಕೂತು. ಆದರೆ ಅದು ಕೈಗೆ ಬರುವಷ್ಟರಲ್ಲಿ ರಿಪೇರಿ ಕೋರ್ಸು ಪೂರ್ತಿ ನಿಂತುಹೋಗಿತ್ತು. ಅವರಿಗೆ ಸಿಕ್ಕಿದ್ದು ಕಾರ್ಖಾನೆ ಕೆಲಸಗಾರರಿಗೆ ಸುರಕ್ಷತೆ ಹೇಳಿಕೊಡುವ ಕ್ಲಾಸು. ಅದನ್ನೂ ಅಷ್ಟೇ ಶ್ರದ್ಧೆಯಿಂದ ಹೇಳಿದರಂತೆ. ನನಗೂ ಅಂಕಲ್‌ಗೂ ಆ ಪಂಪು ತಂದಿದ್ದ ಮಾಲೀಕರ ಹತ್ತಿರವೇ ಕೆಲಸವಾಯಿತು. ಮಲಯ್ ಆಂಟಿಗೆ ಆಗಲಿಲ್ಲ. ಅವರು ತಟ್ಟೆ ಎತ್ತುವುದಕ್ಕೇ ವಾಪಸು ಹೋದರು. ಅದೊಂದು ನೋವು ಮೇಡಂ ಮನಸ್ಸಿನಲ್ಲಿ ಕೊನೆಯವರೆಗೂ ಇತ್ತು. ಯಾವಾಗ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದುದು ಆ ಆಂಟಿಯ ಸುದ್ದಿಯನ್ನೇ.

ಹತ್ತರ ದಶಕ ಮುಗಿಯುವ ಮೊದಲೇ ಅವರು ಕಾಯಿಲೆ ಬಿದ್ದರು. ಆಸ್ಪತ್ರೆಗೆ ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು. ನನ್ನ ಕೆಲಸದ ಬಗ್ಗೆ ಕೇಳಿದರು, ಕೈ ಹಿಡಿದುಕೊಂಡರು... ಅಷ್ಟೇ. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಬಂದೆ. ಮುಂದಿನ ವಾರ ಅವರಿರಲಿಲ್ಲ.

ಈಗಲೂ ಬಜೆಟ್ ಭಾಷಣದ ದಿನ ಆಫೀಸಿನಲ್ಲಿ ಎಲ್ಲರೂ ತಮತಮಗೆ ಏನು ಸಿಕ್ಕಿತೆಂದು ಫೋನಿನಲ್ಲಿ ಹುಡುಕುತ್ತಾರೆ. ನಾನು ತರಬೇತಿ ಕಾಲೇಜುಗಳ ಸುದ್ದಿ ಓದುತ್ತೇನೆ. ಒಳ್ಳೆಯ ಯೋಜನೆಗಳಿರುತ್ತವೆ, ಮೊದಲಿಗಿಂತ ಹೆಚ್ಚೇ. ಓದಿ ಮುಗಿಸಿದ ಮೇಲೆ, ಇದರಲ್ಲಿ ಯಾರು ಹೊರಗುಳಿದರು ಎಂದು ಕೇಳಬೇಕೆನಿಸುತ್ತದೆ. ಹಾಗೆ ಹೊರಗುಳಿದವರಿಗಾಗಿ ಬಿಸಿಲಲ್ಲಿ ಹೊರಡುವವರು ಒಬ್ಬರಿದ್ದರು. ನನಗೆ ಗೊತ್ತಿರುವ ಹಾಗೆ, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.