ಅವ್ವನ ಪರಂಗಿ ಗಿಡ ಮತ್ತು ವೈರಸ್ಸಿನ ಮೂರು ಚೂರಿ

ನಾನು ಓದಿದ್ದು ಗಿಡಗಳಿಗೆ ರೋಗ ತರುವ ವೈರಸ್ಸುಗಳ ವಿಚಾರ. ಅದರಲ್ಲೂ ಪರಂಗಿಯ ವೈರಸ್ಸು, ಅದರಲ್ಲೂ ಆ ವೈರಸ್ಸು ತನ್ನ ಪ್ರೋಟೀನನ್ನು ಕತ್ತರಿಸಿಕೊಳ್ಳುವ ಬಗೆ. ಇಷ್ಟು ಹೇಳುವಷ್ಟರಲ್ಲಿ ನಮ್ಮೂರಿನವರು ಬಸ್ಸು ಬಂತು ಅಂತ ಎದ್ದು ಹೋಗುತ್ತಾರೆ. ನಮ್ಮೂರಿರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಕುರಿಗೆ ಹೆಸರಾದ ಬಂಡೂರಿಗೆ ಹತ್ತಿರ. ಅಲ್ಲಿ ಕುರಿಯ ವಿಷಯ ಬಿಟ್ಟು ಬೇರೇನು ಮಾತಾಡಿದರೂ ಜನಕ್ಕೆ ಆಕಳಿಕೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಬಸ್ ಸ್ಟಾಪಿಗೇ ಬಂದಿದ್ದರು. ಬ್ಯಾಗು ಕೈಗೆ ತೆಗೆದುಕೊಂಡವರೇ, "ಮಗಳೇ, ನಿಮ್ಮವ್ವನ ಪರಂಗಿ ಗಿಡುಕ್ಕೆ ಏನೋ ಬಂದದೆ. ಎಲೆ ಸುರುಟ್ಕೊಂಡು, ಕಾಯಿ ಮ್ಯಾಲೆಲ್ಲಾ ಉಂಗ್ರ ಉಂಗ್ರ. ಪಕ್ಕದಲ್ಲೇ ನಾನು ಸಸಿ ನೆಟ್ಟಿವ್ನಿ. ಕಡೀರಿ ಅಂತ ಅತ್ತಿಗೆಗೆ ನಾ ಯೋಳಿದ್ರೆ ನನ್ನೇ ಕಡ್ದಾಕ್ಬುಡ್ತಾರೆ. ನೀನು ಸೈನ್ಸಲ್ಲಿ ಯೋಳು" ಅಂದರು. ಇಷ್ಟು ವರ್ಷ ಓದಿದ್ದಕ್ಕೆ ನನಗೆ ಸಿಕ್ಕ ಮೊದಲ ಗಿರಾಕಿ ಅವರೇ. ಬೀಗಿಬಿಟ್ಟೆ, ಸುಳ್ಳು ಯಾಕೆ.

ಆದರೆ ಆ ಗಿಡ ಕಡಿಸುವುದು ಸಣ್ಣ ಮಾತಲ್ಲ. ಯುಗಾದಿಯ ಮಾರನೆಯ ದಿನ ವರ್ಷತೊಡಕು, ನಮ್ಮ ಕಡೆ ಮನೆಮನೆಯಲ್ಲೂ ಬಾಡೂಟ. ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕೊಯ್ದು, ಬಾಳೆಲೆಯ ಮೇಲೆ ಗುಡ್ಡೆ ಹಾಕಿ ಸಮನಾಗಿ ಹಂಚಿಕೊಳ್ಳುತ್ತಾರೆ. ಕುರಿ ಬಲಿತಿದ್ದರೆ ಬಾಡು ಬೇಯುವುದಿಲ್ಲ. ಪರಂಗಿಕಾಯಿಯ ಒಂದು ಚೂರು ಅರೆದು ಹಾಕಿದರೆ ಬೆಣ್ಣೆಯಂತಾಗುತ್ತದೆ. ಹಾಗಾಗಿ ಅವತ್ತು ಬೀದಿಯ ಹೆಂಗಸರೆಲ್ಲ ಬಟ್ಟಲು ಹಿಡಿದು ಅವ್ವನ ಹಿತ್ತಲಿಗೆ ಬರುತ್ತಾರೆ. ವರ್ಷವಿಡೀ ಇವಳನ್ನು ಮಾತಾಡಿಸದವರೂ ಬರುತ್ತಾರೆ. ಕಾಯಿ ಕೊಯ್ದು ಕೊಡುವಾಗ ಅವ್ವನ ಗತ್ತು ನೋಡಬೇಕು.

ತೊಡಕಿನ ಬೆಳಿಗ್ಗೆ ಜಗಲಿಯಲ್ಲಿ ಚಿಕ್ಕಪ್ಪ ಬಾಡು ಕೊಚ್ಚುತ್ತಿದ್ದರು, ಅವ್ವ ಗುಡ್ಡೆ ಹಾಕುತ್ತಿದ್ದಳು. ಇದೇ ಸಮಯ ಅಂತ ನಾನು ಶುರು ಮಾಡಿದೆ.

"ಅವ್ವ, ವೈರಸ್ಸು ಗಿಡದೊಳಕ್ಕೆ ಓಗಿ ತನ್ ಪ್ರೋಟೀನೆಲ್ಲಾ ಒಂದೇ ಉದ್ದುಕ್ಕೆ ಮಾಡಿಸ್ಕೊತದೆ, ಇಡೀ ಕುರಿ ಇದ್ದಂಗೆ. ಇಡೀ ಕುರಿ ಸಾರಿಗಾದದಾ? ಕುಯ್ಬೇಕು. ಕುಯ್ಯೋ ಚೂರಿನೂ ಆ ಕುರಿ ಒಟ್ಟೇಲೇ ಅದೆ."

ಚಿಕ್ಕಪ್ಪ ಕೈಲಿದ್ದ ಕುರಿಯ ತೊಡೆ ಕೆಳಗಿಟ್ಟರು. "ಕುರಿ ತನ್ನ ತಾನೇ ಕುಯ್ಕೊತದಾ?"

"ಊಂ. ಮೂರು ಚೂರಿ ಅವೆ. ಎರಡು ಚೂರಿ ತಮ್ ಬಾಲದ ತಾವ ಒಂದೇ ಒಂದ್ಸಲ ಕುಯ್ಕೊಂಡು ಬಿಡಿಸ್ಕೊತವೆ. ಮಿಕ್ಕಿದ್ದನ್ನೆಲ್ಲಾ ಮೂರನೇದು ಕುಯ್ತದೆ. ಎಲ್ಲೆಂದ್ರಲ್ಲಿ ಅಲ್ಲ, ಗುರುತಿರೋ ಕೀಲಲ್ಲೇ."

"ಅಂಗಾದ್ರೆ ನಿನಗಿಂತ ವಾಸಿ ಕಣಪ್ಪ," ಅವ್ವ ಚಿಕ್ಕಪ್ಪನಿಗೆ ಹೇಳಿದಳು. "ನೀನು ಮೂಳೆ ಮ್ಯಾಲೇ ಒಡೀತೀಯ." ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ಲ ಕಣೇ, ಪರಂಗಿ ಆಲಿಗೆ ಇಂತಾ ಬಲ್ತಿರೋ ಬಾಡೇ ಕರಗೋಯ್ತದೆ. ಅದ್ರ ಮೈಯೊಳಗೇ ಬಂದು ಕೂತಿರೋ ನಿನ್ ವೈರಸ್ಸು ಕರಗಕ್ಕಿಲ್ವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಪರಂಗಿಯ ಹಾಲಿನಲ್ಲಿರುವುದೂ ಪ್ರೋಟೀನು ಕತ್ತರಿಸುವ ಚೂರಿಯೇ. ವೈರಸ್ಸಿನ ಮೂರರಲ್ಲಿ ಒಂದು ಅದೇ ಜಾತಿಯದು. ಆದರೆ ಹಾಲು ತನ್ನ ನಾಳ ಬಿಟ್ಟು ಹೊರಬರುವುದಿಲ್ಲ, ವೈರಸ್ಸು ಬೇರೆ ಕೋಶಗಳಲ್ಲಿ ಕೂತು ದಂಧೆ ನಡೆಸುತ್ತದೆ. ಇದನ್ನು ವಿವರಿಸಿದೆ.

"ಆಲಿಗೆ ಕಾಲಿಲ್ಲ ಅನ್ನು," ಎಂದು ಅವ್ವ ಇನ್ನೊಂದು ಗುಡ್ಡೆಗೆ ಈರುಳ್ಳಿಯಷ್ಟು ದೊಡ್ಡ ತುಂಡು ಸೇರಿಸಿದಳು.

ನನಗೆ ರೇಗಿತು. "ಆ ಎರಡನೇ ಚೂರಿ ಅದೆಯಲ್ಲ, ಅದು ಕುಯ್ದು ಸುಮ್ಕಿರಕ್ಕಿಲ್ಲ ಕಣವ್ವ. ಎಲೆ ರಸ ಈರೋ ಸಣ್ಣ ಉಳುದ ಬಾಯಿಗೆ ವೈರಸ್ಸನ್ನ ಅಂಟಿಸ್ತದೆ. ಆ ಉಳ ಆರ್ಕೊಂಡು ಓಗಿ ಚಿಕ್ಕಪ್ಪನ ಸಸಿ ಮ್ಯಾಲೆ ಕೂತ್ರೆ ಮುಗೀತು!"

ಅವ್ವನ ಕೈ ನಿಂತಿತು. "ಇವನ ಸಸಿಗೂ ಓಯ್ತದಾ?"

"ಓಯ್ತದೆ."

"ಮದ್ದಿಲ್ವಾ?"

"ಇಲ್ಲ ಕಣವ್ವ. ರೋಗ ಬಂದ ಗಿಡ ತೆಗೀಬೇಕು, ಅಷ್ಟೆಯ."

"ಇದ್ನ ಮೊದ್ಲೇ ಯೋಳಕ್ಕೆ ನಿಂಗೇನಾಗಿತ್ತೇ? ಬೆಳಿಗ್ಗಿಂದ ಕುರಿ ಕತೆ ಊದ್ತಾ ಕೂತಿದ್ದೀಯ! ನಂದೊಂದು ಗಿಡ ಓದ್ರೆ ಓಯ್ತು, ಅವನ ಸಸಿ ಎಲ್ಲಾ ಆಳಾಗ್ಬೇಕಾ?"

ನಾನು ಪೆಚ್ಚಾದೆ. ಚಿಕ್ಕಪ್ಪ ನೆಲ ನೋಡುತ್ತಾ ಬಾಡು ಕೊಚ್ಚತೊಡಗಿದರು.

ಬಟ್ಟಲು ಹಿಡಿದವರು ಬಂದರು. ತಿನ್ನುವವರಿಗೆ ಆ ರೋಗದಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಅವ್ವ ಇದ್ದ ಕಾಯಿಯನ್ನೆಲ್ಲ ಕೊಯ್ದು ಹಂಚಿದಳು, ಎಂದಿಗಿಂತ ದೊಡ್ಡ ದೊಡ್ಡ ಚೂರು. ಯಾರಿಗೂ ಕಾರಣ ಹೇಳಲಿಲ್ಲ. ಕೊನೆಯವಳು ಹೋದ ಮೇಲೆ ಚಿಕ್ಕಪ್ಪ ಮಚ್ಚು ತಂದರು. ಅವ್ವ ಗಿಡದ ಕಾಂಡಕ್ಕೆ ಕೈ ಊರಿ ನಿಂತೇ ಇದ್ದಳು.

"ಮುಂದಿನ್ ತೊಡಕ್ಗೆ ನನ್ ಬಾಗ್ಲಿಗೆ ಯಾರ್ ಬತ್ತಾರೆ?" ಎಂದಳು, ನನ್ನನ್ನೇ ನೋಡುತ್ತಾ.

ವೈರಸ್ಸಿನ ಚೂರಿ ಯಾವ ಕೀಲಿಗೆ ಬೀಳುತ್ತದೆಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಗಿಡ ಕಡಿಸಲು ಬಂದ ನನಗೆ ಈ ಗಿಡ ಅವ್ವನಿಗೇನು ಅಂತ ಹೊಳೆದಿದ್ದೇ ಆಗ.

ಚಿಕ್ಕಪ್ಪ ಎತ್ತಿದ್ದ ಮಚ್ಚು ಕೆಳಗಿಳಿಸಿದರು. "ನಮ್ ಗಿಡ ಕಾಯಿ ಬುಟ್ರೆ ತೊಡಕಿನ್ ದಿನ ಎಲ್ಲಾ ತಂದು ನಿಮ್ ಜಗಲೀಲಿ ಸುರೀತೀನಿ ಅತ್ತಿಗೆ. ಬೇಕಾದೋರು ನಿಮ್ನೇ ಕೇಳ್ಲಿ. ನನ್ನೆಡ್ತಿನೂ ಬಟ್ಲು ಇಡ್ಕೊಂಡು ನಿಮ್ ತಾವ್ಕೇ ಬತ್ತಾಳೆ."

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿಂದಕ್ಕೆ ಸರಿದಳು.

"ಆಯ್ತು ಬುಡಪ್ಪ. ಈಗ ನೆಟ್ಟುಗೆ ಕಡಿ. ಕೋಳಿ ಗೂಡಿನ್ ಮ್ಯಾಲೆ ಬೀಳ್ಸೀಯ."